ಹೊಲಿಗೆಗೆ ಬಿಟ್ಟದ್ದು

ಗುಲಾಬಿಯ ಎಲೆಯಂಚಿನಲ್ಲಿ ಅರ್ಧಚಂದ್ರ.
ಸೋಮವಾರ ಒಂದು, ಗುರುವಾರದೊಳಗೆ ಹದಿನೇಳು.
ಕತ್ತರಿ ಹಿಡಿದು ಇಪ್ಪತ್ತಾರು ವರ್ಷವಾದ ನನಗೆ
ಹುಳ ತಿಂದದ್ದಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು.
ತಿಂದ ಎಲೆಗೆ ಹಲ್ಲಿನ ಗುರುತಿರುತ್ತದೆ.
ಇದು ಕತ್ತರಿಸಿದ್ದು,
ಒಂದೇ ಉಸಿರಿಗೆ, ಎಳೆ ಬಿಡದೆ.

ಆದರೂ ಮದ್ದು ತಂದಿದ್ದೆ.
ಕುಲಶೇಖರದ ಅಂಗಡಿಯವ ಕೊಟ್ಟ ನೀಲಿ ಬಾಟಲಿ
ಮೆಷಿನಿನ ಡ್ರಾಯರಿನಲ್ಲಿತ್ತು, ಬಾಬಿನ್ನುಗಳ ಜೊತೆ.
ತಡೆದವನು ಪಕ್ಕದ ಮನೆಯ ಮುಫೀದ್, ಏಳನೇ ಕ್ಲಾಸು.
"ಆಂಟಿ, ಅದು ಒಂಟಿ ಜೇನು.
ರಾಣಿ ಇಲ್ಲ, ಸೈನ್ಯ ಇಲ್ಲ,
ಕಚ್ಚುವುದೂ ಇಲ್ಲ, ಹೆಚ್ಚುಕಡಿಮೆ."
ಆ ಹೆಚ್ಚುಕಡಿಮೆಯನ್ನು ನಂಬಿ
ಪೆಟ್ಟಿಗೆ ಮಾಡಿಸಿದೆವು.

ಪಣಂಬೂರಿನಲ್ಲಿ ಹಡಗಿನಿಂದ ಇಳಿದ ಹಲಗೆ,
ಯಾವ ದೇಶದ ಮರವೋ, ಮೇಲೆ ಓದಲಾಗದ ಅಕ್ಷರ.
ವಾಮನಾಚಾರ್ರು ಮೊಳೆ ಹೊಡೆಯುತ್ತ ಕೇಳಿದರು:
"ಜೇನು ಎಷ್ಟು ಬಾಟಲಿ ಬಂದೀತು?"
ಬರುವುದಿಲ್ಲ ಅಂದೆ.
"ಮೇಣ?"
ಅದೂ ಇಲ್ಲ.
"ಬಾಡಿಗೆಯಾದರೂ ಕೊಡ್ತಾವಾ ಮಾರಾಯ್ರೆ?"
ನಕ್ಕು, ಕೂಲಿಯಲ್ಲಿ ಐವತ್ತು ಬಿಟ್ಟರು.

ಓಟೆ ಬಿದಿರಿನ ನಳಿಗೆ ಮೂವತ್ತೆರಡು,
ಒಂದು ತುದಿಗೆ ಗಂಟು, ಒಂದು ತುದಿಗೆ ಬಾಗಿಲು.
ಮೇಲೆ ಒಡೆದ ಹಂಚು.
ಬಾವಿಕಟ್ಟೆಯ ಪಕ್ಕದ ಕೆಂಪುಕಲ್ಲಿನ ಗೋಡೆಗೆ,
ಬೆಳಗಿನ ಬಿಸಿಲಿಗೆ ಮುಖ ಮಾಡಿ ತೂಗಿಸಿ
ಇರುವೆ ಬಾರದಂತೆ ತಂತಿಗೆ ಗ್ರೀಸು ಬಳಿದು
ಕಾದೆವು.

ಬರಲಿಲ್ಲ.
ಹನ್ನೊಂದು ದಿನ ಒಂದು ಜೇಡ ಮಾತ್ರ
ಅಲ್ಲಿ ಪುಕ್ಕಟೆ ಕೂತಿತು.
ಅವಳು ಆರಿಸಿಕೊಂಡದ್ದು
ನನ್ನ ಇಸ್ತ್ರಿಯ ಪ್ಲಗ್ಗಿನ ಮೂರನೇ ತೂತು.
ಸಾಕೆಟ್ಟಿನೊಳಗೆ ಗುಲಾಬಿ ಎಲೆ!
ಅಡುಗೆಮನೆಯಿಂದ ವೈರು ಎಳೆದೆ.
ಇವತ್ತಿಗೂ ಅದನ್ನೇ ದಾಟಿಕೊಂಡು ಓಡಾಡುತ್ತೇವೆ.

ಹನ್ನೆರಡನೇ ದಿನ, ಹತ್ತೂಕಾಲು ಗಂಟೆಗೆ,
ಅವಳೋ ಅವಳ ಹಾಗಿನ ಇನ್ನೊಬ್ಬಳೋ,
ತನ್ನಷ್ಟೇ ಉದ್ದದ ಎಲೆಯನ್ನು ಹೊಟ್ಟೆಯಡಿ ಸುತ್ತಿ
ಮೇಲಿನ ಸಾಲಿನ ನಾಲ್ಕನೇ ನಳಿಗೆಯೊಳಗೆ ಹೋದಳು.
ನಾನು ಕೈಯಲ್ಲಿದ್ದ ಕಾಲರು ಬಿಟ್ಟು ನಿಂತೆ.
ಪಕ್ಕಕ್ಕೆ ಉದ್ದನೆ ತುಂಡು, ಮುಚ್ಚಳಕ್ಕೆ ದುಂಡನೆಯದು.
ಚಾಕಿಲ್ಲ, ಟೇಪಿಲ್ಲ, ಹಳೆಯ ಪೇಪರಿನ ನಮೂನೆಯಿಲ್ಲ.
ಎಲೆ ಸಾಕಾದಾಗ ಅಲಸಂಡೆ ಹೂವಿಗೆ ಹೋಗಿ
ಹೊಟ್ಟೆಯ ತುಂಬ ಹಳದಿ ಮೆತ್ತಿಕೊಂಡು
ಹಿಂದುಮುಂದಾಗಿ ಒಳಗೆ ಸರಿದಳು.

ಮುಫೀದ್ ಟಾರ್ಚು ಹಿಡಿದು ವಿವರಿಸಿದ:
ಒಂದೊಂದು ಕೋಣೆಗೆ ಒಂದು ಮೊಟ್ಟೆ, ಒಂದು ಹೊತ್ತಿನ ಬುತ್ತಿ.
ಹೆಣ್ಣು ಹಿಂದೆ, ಗಂಡು ಬಾಗಿಲ ಹತ್ತಿರ.
ಮತ್ತೆ ಅಮ್ಮ?
"ಅಮ್ಮ ಬಾಗಿಲು ಮುಚ್ಚಿ ಹೋಗ್ತದೆ ಆಂಟಿ.
ಅವು ಹೊರಗೆ ಬರುವಾಗ ಇರುವುದಿಲ್ಲ."

ದಮ್ಮಾಮಿನಿಂದ ಅಳತೆ ಬರುತ್ತದೆ ವಾಟ್ಸಾಪಿನಲ್ಲಿ:
ಎದೆ ಇಪ್ಪತ್ತೈದು, ಉದ್ದ ಮೂವತ್ತೊಂದು.
ಮೊದಲ ಕುಮ್ಗಾರಿನ ಬಿಳಿ ಫ್ರಾಕು.
ಆ ಹುಡುಗಿಯನ್ನು ನಾನು ನೋಡಿದ್ದಿಲ್ಲ.
ಎರಡಿಂಚು ಒಳಗೆ ಮಡಚಿಡುತ್ತೇನೆ,
ಬೆಳೆದರೆ ಬಿಡಿಸಿಕೊಳ್ಳಲಿ.

ಮೇ ಮೊದಲ ವಾರ.
ಮುಚ್ಚಿದ್ದ ಹನ್ನೆರಡು ನಳಿಗೆಗಳಲ್ಲಿ
ನಾಲ್ಕರಿಂದ ಜೇನು ಬಂದವು, ಮುಖಕ್ಕೆ ಎಲೆಯ ಪುಡಿ ಮೆತ್ತಿಕೊಂಡು.
ಒಂದರಿಂದ ಬಂದದ್ದು ಹಸಿರು ಮಿರುಗುವ ಕಣಜ,
ಮದುವೆ ಸೀರೆಯ ಬಣ್ಣ, ಕದ್ದು ತಿಂದು ಬೆಳೆದದ್ದು.
ಹೊಡೆಯಲು ಕೈಯೆತ್ತಿದೆ.
ಚಂದ ಇತ್ತು, ಬಿಟ್ಟೆ.
ಉಳಿದ ಏಳು ಈಗಲೂ ಮುಚ್ಚಿವೆ.
ಬ್ಲೇಡು ತಂದ ಮುಫೀದನಿಗೆ ಬೈದು
ಮಳೆ ಶುರುವಾಗುವ ಮೊದಲು ಪೆಟ್ಟಿಗೆಯನ್ನು
ಮಾಡಿನಡಿಗೆ ತಂದೆವು.

ನೀಲಿ ಬಾಟಲಿ ವಾಪಸು ಕೊಟ್ಟೆ.
ಹಣ ಕೊಡಲಾಗುವುದಿಲ್ಲವೆಂದು
ಅಂಗಡಿಯವ ಅಲಸಂಡೆ ಬೀಜ ಕೊಟ್ಟ.

ನಿನ್ನೆ ಕಟಿಂಗ್ ಮೇಜಿನ ಮೇಲೆ
ದುಂಡನೆಯ ಎಲೆಯೊಂದು ಬಿದ್ದಿತ್ತು, ಒಣಗಿ, ಅಂಚು ಮುರಿಯದೆ.
ಓಟೆಯ ತುಂಡೊಂದು ತಂದು ಬಾಯಿಗಿಟ್ಟು ನೋಡಿದೆ.
ಸರಿಯಿಲ್ಲ, ಕೂದಲೆಳೆಯಷ್ಟು ದೊಡ್ಡದು.
ತಪ್ಪಿದ್ದಾಳೆ ಅಂದುಕೊಂಡೆ.
ಆಮೇಲೆ ಹೊಳೆಯಿತು,
ಅದು ಹೊಲಿಗೆಗೆ ಬಿಟ್ಟದ್ದು.